ಹುಡುಕೋ ಕೆಲಸ ನನಗೆ ಬಿಡು

ದೀಪಾವಳಿಗೆ ಊರಿಗೆ ಬಂದವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದ. ಊರು ತಿಪಟೂರಿನ ಹತ್ತಿರ. ಅಕ್ಕ ಅಲ್ಲೇ ಹೈಸ್ಕೂಲ್ ಟೀಚರು, ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಒಬ್ಬನೇ ಕೂತಿದ್ದವನ ಪಕ್ಕಕ್ಕೆ ಅವಳು ಬಂದು ಕೂತಳು.

ಅಕ್ಕ: ಇನ್ನೂ ನಿದ್ದೆ ಬಂದಿಲ್ವೇನೋ?

ತಮ್ಮ: ಈ ಹೊತ್ತಿಗೆಲ್ಲ ಎಲ್ಲಿ ಬರುತ್ತೆ ಅಕ್ಕಾ. ಮೂರು ಗಂಟೆಗೆ ಒಂಚೂರು ಹತ್ತುತ್ತೆ. ಐದಕ್ಕೆಲ್ಲ ಯಾರೋ ತಟ್ಟಿ ಎಬ್ಬಿಸಿದ ಹಾಗೆ ಎಚ್ಚರ.

ಅಕ್ಕ: ಎಷ್ಟು ದಿನದಿಂದ?

ತಮ್ಮ: ಯುಗಾದಿ ಆದಮೇಲೆ ಶುರುವಾಗಿದ್ದು. ಮೊದಲು ಎದೆ ಡವಡವ ಅಂತಿತ್ತು. ಹಾರ್ಟಿಗೇನೋ ಆಗಿದೆ ಅಂತ ಇಸಿಜಿ, ಎಕೋ ಎಲ್ಲ ಮಾಡಿಸಿದೆ. ಥೈರಾಯ್ಡ್ ನೋಡಿದ್ರು, ಬಿ12 ನೋಡಿದ್ರು. ಎಲ್ಲಾ ನಾರ್ಮಲ್. 'ನಿಮಗೇನೂ ಆಗಿಲ್ಲ, ಯೋಚನೆ ಮಾಡೋದು ಬಿಡಿ' ಅಂತ ಹೇಳಿ ಕಳಿಸಿದ್ರು.

ಅಕ್ಕ: ಯೋಚನೆ ಬಿಡಿ! ನಮ್ಮ ಮಾತಿನಲ್ಲಿ ಲೆಕ್ಕ ಹಾಕಿ ವಿಚಾರ ಮಾಡೋದೂ ಯೋಚನೆ, ಒಳಗೊಳಗೇ ಕೊರಗೋದೂ ಯೋಚನೆ. ಒಂದೇ ಪದ ಆಗಿರೋದರಿಂದ, ಕೊರಗ್ತಾ ಇರೋನು ಬೇಕಂತಲೇ ಕೂತು ಯೋಚನೆ ಮಾಡ್ತಿದ್ದಾನೆ, ಮನಸ್ಸು ಮಾಡಿದ್ರೆ ನಿಲ್ಲಿಸಬಹುದು ಅಂತ ಎದುರಿಗಿರೋರಿಗೆ ಅನಿಸಿಬಿಡುತ್ತೆ. ಜ್ವರ ಬಂದವನಿಗೆ ಮೈ ಬಿಸಿ ಮಾಡ್ಕೋಬೇಡ ಅಂತ ಯಾರಾದ್ರೂ ಹೇಳ್ತಾರಾ?

ತಮ್ಮ: ನನಗೂ ಹಾಗೇ ಅನಿಸುತ್ತೆ. ನನ್ನದೇ ತಪ್ಪು ಅಂತ. ಟೀಮ್‌ನಲ್ಲಿ ಅರ್ಧ ಜನರನ್ನ ತೆಗೆದ್ರು, ನಾನು ಉಳ್ಕೊಂಡೆ. ಖುಷಿಯಾಗಿರಬೇಕಾದವನು ನಾನು. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆಯೋಕೆ ಕೈ ಬರಲ್ಲ. ಸ್ನಾನ ಮಾಡೋದೂ ಒಂದು ಕೆಲಸ ಅನಿಸುತ್ತೆ. ಮೊನ್ನೆ ಅಪ್ಪ ಫೋನಲ್ಲಿ ಕೊಬ್ಬರಿ ರೇಟ್ ಹೇಳ್ತಿದ್ರೆ ನನಗೆ ಅಳು ಬಂತು. ಯಾಕೆ ಅಂತ ಗೊತ್ತಿಲ್ಲ.

ಅಕ್ಕ: ಒಂದು ಮಾತು ನೇರವಾಗಿ ಕೇಳ್ತೀನಿ, ನೇರವಾಗೇ ಹೇಳು. ಬದುಕೋದೇ ಬೇಡ ಅಂತ ಅನಿಸಿದೆಯಾ?

ತಮ್ಮ: ಹಾಗೆಲ್ಲ ಕೇಳಬಾರದು ಅಕ್ಕಾ.

ಅಕ್ಕ: ಕೇಳಬೇಕು. ಕೇಳಿದ್ರೆ ಇಲ್ಲದ ಆಲೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಜನ ಹೆದರ್ತಾರೆ. ಹಾಗಾಗಲ್ಲ ಅಂತ ಮನಸ್ಸಿನ ಡಾಕ್ಟ್ರುಗಳೇ ಹೇಳ್ತಾರೆ. ಕೇಳಿದಾಗ ಹೇಳ್ಕೊಳ್ಳೋಕೆ ಒಂದು ದಾರಿಯಾಗುತ್ತೆ.

ತಮ್ಮ: ಏನಾದ್ರೂ ಮಾಡ್ಕೋಬೇಕು ಅಂತ ಅನಿಸಿಲ್ಲ. ಬೆಳಿಗ್ಗೆ ಎಚ್ಚರ ಆಗದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಮಾತ್ರ ಒಂದೆರಡು ಸಲ ಅನಿಸಿದೆ.

ಅಕ್ಕ: ಹೇಳಿದ್ದು ಒಳ್ಳೇದಾಯ್ತು. ಇದನ್ನ ಡಾಕ್ಟ್ರ ಹತ್ರ ಮೊದಲ ಮಾತಾಗಿ ಹೇಳಬೇಕು. ಅಲ್ಲಿವರೆಗೆ ನೀನು ಒಬ್ಬನೇ ರೂಮಲ್ಲಿ ಇರೋದು ಬೇಡ. ಫೋನ್ ತೆಗಿ. 14416 ಅಂತ ಸೇವ್ ಮಾಡ್ಕೋ.

ತಮ್ಮ: ಏನದು?

ಅಕ್ಕ: ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ನಿಂತಿರೋದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೇ. ಮೊದಲು ಆಪ್ತಸಮಾಲೋಚಕರು ಮಾತಾಡ್ತಾರೆ, ಬೇಕು ಅನಿಸಿದ್ರೆ ಮನೋವೈದ್ಯರಿಗೆ ದಾಟಿಸ್ತಾರೆ. ರಾತ್ರಿ ಎರಡು ಗಂಟೆಗೆ ನನಗೆ ಫೋನ್ ಮಾಡೋಕೆ ಸಂಕೋಚ ಆದ್ರೆ ಅಲ್ಲಿಗೆ ಮಾಡು. ನನಗೆ ಮಾಡಿದ್ರೂ ಸರಿ.

ತಮ್ಮ: ನಿನಗೆ ಇಷ್ಟೆಲ್ಲ ಹೇಗೆ ಗೊತ್ತು?

ಅಕ್ಕ: ನಾನೂ ಡಾಕ್ಟ್ರ ಹತ್ರ ಹೋಗಿದ್ದೆ ಕಣೋ. ಪಾಪು ಹುಟ್ಟಿದ ಮೂರು ತಿಂಗಳಿಗೆ. ನಿನಗೆ ಹೇಳಿರಲಿಲ್ಲ, ನೀನಾಗ ಹಾಸ್ಟೆಲ್‌ನಲ್ಲಿದ್ದೆ. ಮಗು ಅತ್ರೆ ಎತ್ಕೊಳ್ಳೋಕೆ ಮನಸ್ಸು ಬರ್ತಿರಲಿಲ್ಲ. ಎತ್ಕೊಂಡ್ರೆ ಇದು ಯಾರ ಮಗುವೋ ಅನ್ನೋ ಹಾಗೆ ಇರ್ತಿತ್ತು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅಳ್ತಿದ್ದೆ, ಶಬ್ದ ಹೊರಗೆ ಹೋಗಬಾರದು ಅಂತ. ಅತ್ತೆ ದೃಷ್ಟಿ ತೆಗೆದ್ರು. ಅಮ್ಮ ಯಂತ್ರ ಕಟ್ಟಿಸಿದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿದ್ದ ಔಷಧಿ ಅದೇ.

ತಮ್ಮ: ಆಮೇಲೆ?

ಅಕ್ಕ: ನಮ್ಮ ಸ್ಕೂಲಿನ ಸೈನ್ಸ್ ಮೇಡಂ ಮಗು ನೋಡೋಕೆ ಬಂದೋರು ನನ್ನ ಮುಖ ನೋಡಿದ್ರು. ಎರಡು ದಿನ ಬಿಟ್ಟು ಮತ್ತೆ ಬಂದ್ರು. ಅಷ್ಟರಲ್ಲಿ ಯಾವ ಡಾಕ್ಟ್ರು, ಯಾವ ದಿನ, ಎಷ್ಟು ಹೊತ್ತಿಗೆ, ಹಾಲೂಡಿಸೋ ತಾಯಿಗೆ ಮಾತ್ರೆ ಕೊಡ್ತಾರಾ ಅನ್ನೋದನ್ನೆಲ್ಲ ವಿಚಾರಿಸ್ಕೊಂಡು ಬಂದಿದ್ರು. ಆಕೆ ನನಗೆ ಹೇಳಿದ್ದು ಒಂದೇ ಮಾತು: 'ನೀವು ಏನೂ ಹುಡುಕಬೇಡಿ. ಬರ್ತೀರೋ ಇಲ್ವೋ ಅಷ್ಟು ಹೇಳಿ.' ಆ ಮಾತು ಇಲ್ಲದೇ ಇದ್ದಿದ್ರೆ ನಾನು ಹೋಗ್ತಾನೇ ಇರಲಿಲ್ಲ. ಇದು ಬೇರೆ ಕಾಯಿಲೆ ಥರ ಅಲ್ಲ. ಕಾಲು ಮುರಿದವನು ನೋವಿಗೆ ಕಿರುಚಿ ಡಾಕ್ಟ್ರನ್ನ ಕೇಳ್ತಾನೆ. ಈ ಕಾಯಿಲೆ ಮೊದಲು ಕಿತ್ತುಕೊಳ್ಳೋದೇ ಕೇಳೋ ಶಕ್ತೀನ. ಹತ್ತು ನಂಬರ್‌ಗೆ ಫೋನ್ ಮಾಡಿ, ಫೀಸು ವಿಚಾರಿಸಿ, ಬಸ್ ಹಿಡಿದು ಹೋಗೋ ತ್ರಾಣ ಇದ್ದಿದ್ರೆ ಅವನಿಗೆ ಡಾಕ್ಟ್ರು ಯಾಕೆ ಬೇಕಿತ್ತು?

ತಮ್ಮ: ನಾನೂ ಪ್ರಯತ್ನ ಮಾಡ್ದೆ ಅಕ್ಕಾ. ಕಂಪನಿಯವರು ಒಂದು ಆ್ಯಪ್ ಕೊಟ್ಟಿದಾರೆ. ವಿಡಿಯೋದಲ್ಲಿ ಕೌನ್ಸೆಲರ್ ಮಾತಾಡ್ತಾರೆ. ಎರಡು ಸಲ ಮಾತಾಡಿ ಬಿಟ್ಟುಬಿಟ್ಟೆ.

ಅಕ್ಕ: ಯಾಕೆ?

ತಮ್ಮ: ಎಲ್ಲ ಇಂಗ್ಲಿಷು. ಆಫೀಸಲ್ಲಿ ದಿನಕ್ಕೆ ಎಂಟು ಗಂಟೆ ಇಂಗ್ಲಿಷ್ ಮಾತಾಡೋನು ನಾನು, ಆದ್ರೆ ಅಲ್ಲಿ ಮಾತೇ ಹೊರಡಲಿಲ್ಲ. ಅಪ್ಪ ನನ್ನ ಜೊತೆ ಮುಖ ಕೊಟ್ಟು ಮಾತಾಡಲ್ಲ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು? ಜೀವ ಹಿಂಡಿದ ಹಾಗಾಗುತ್ತೆ ಅಂತ ಹೇಗೆ ಹೇಳೋದು? ನಾನು ಏನೋ ಹೇಳ್ದೆ, ಅವರು ಏನೋ ಬರ್ಕೊಂಡ್ರು. ದಿನಾ ರಾತ್ರಿ ಮೂರು ಒಳ್ಳೆ ವಿಷಯ ಬರೀರಿ ಅಂದ್ರು. ಮೂರು ದಿನ ಬರೆದೆ. ಇನ್ನೂ ಬೇಜಾರಾಯ್ತು. ಆಮೇಲೆ ಅನಿಸ್ತು, ಇದೆಲ್ಲ ನನಗೆ ಆಗಿಬರಲ್ಲ.

ಅಕ್ಕ: ಅವರು ಕೆಟ್ಟವರು ಅಂತ ಹೇಳಲ್ಲ. ನಿನಗೆ ಹೊಂದಲಿಲ್ಲ, ಅಷ್ಟೇ. ಒಂದು ಅಂಗಡಿಯ ಚಪ್ಪಲಿ ಕಚ್ಚಿತು ಅಂತ ಬರಿಗಾಲಲ್ಲಿ ನಡೀತೀಯಾ? ಮಾತಿನಿಂದ ಮಾಡೋ ಚಿಕಿತ್ಸೆಯಲ್ಲಿ ಮಾತೇ ಔಷಧಿ. ಹಾಗಾಗಿ ಯಾವ ಭಾಷೇಲಿ ಅಳು ಬರುತ್ತೋ ಆ ಭಾಷೇಲಿ ಕೇಳಿಸ್ಕೊಳ್ಳೋರನ್ನ ಹುಡುಕಬೇಕು. ಬೆಂಗಳೂರಿಗೆ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದೇ ಅದು: ಕನ್ನಡದಲ್ಲಿ ಪೂರ್ತಿ ಸೆಷನ್ ಮಾಡ್ತೀರಾ? 'ಸ್ವಲ್ಪ ಸ್ವಲ್ಪ ಬರುತ್ತೆ' ಅಂದೋರನ್ನ ಬಿಟ್ಟೆ.

ತಮ್ಮ: ಬೆಂಗಳೂರಿಗಾ? ಯಾರಿಗೆ ಫೋನ್ ಮಾಡಿದ್ದೆ?

ಅಕ್ಕ: ಗಣೇಶನ ಹಬ್ಬಕ್ಕೆ ಬಂದಾಗಲೇ ನಿನ್ನ ಮುಖ ನೋಡಿದ್ದೆನಲ್ಲ. ಆಗಿಂದ ವಿಚಾರಿಸ್ತಾನೇ ಇದ್ದೀನಿ.

ತಮ್ಮ: ...

ಅಕ್ಕ: ಅಳು, ಪರವಾಗಿಲ್ಲ. ನೀರು ತರ್ತೀನಿ.

ತಮ್ಮ: ಬೇಡ, ಕೂತ್ಕೋ. ಸರಿ, ಹೇಳು. ಸೈಕಿಯಾಟ್ರಿಸ್ಟು, ಸೈಕಾಲಜಿಸ್ಟು, ಕೌನ್ಸೆಲರ್ರು, ಥೆರಪಿಸ್ಟು. ನನಗೆ ಬೇಕಾಗಿರೋದು ಇವರಲ್ಲಿ ಯಾರು?

ಅಕ್ಕ: ಸೈಕಿಯಾಟ್ರಿಸ್ಟ್ ಅಂದ್ರೆ ಮನೋವೈದ್ಯರು. ಎಂಬಿಬಿಎಸ್ ಓದಿ, ಅದರ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿಯನ್ನೋ ಡಿಪ್ಲೊಮಾವನ್ನೋ ಮಾಡಿರೋರು. ಕಾಯಿಲೆ ಏನು ಅಂತ ಗುರುತಿಸಿ ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ. ಮಾತು, ಅಭ್ಯಾಸ, ಯೋಚನೆಯ ದಾರಿ ತಿದ್ದೋದು, ಅವರ ಕೆಲಸ ಅದು. ಎಂಎ, ಎಂಎಸ್ಸಿ ಆದಮೇಲೆ ಆಸ್ಪತ್ರೆಯಲ್ಲಿದ್ದು ಎರಡು ವರ್ಷದ ಎಂಫಿಲ್ ಮಾಡಿರ್ತಾರೆ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿರ್ತಾರೆ. ಆರ್‌ಸಿಐ ಅಂತಾರಲ್ಲ, ಅದು. ಆ ನೋಂದಣಿ ನಂಬರ್ ಕೇಳೋ ಹಕ್ಕು ನಮಗಿದೆ. ಸರಿಯಾಗಿ ಓದಿರೋರು ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ.

ತಮ್ಮ: ಕೌನ್ಸೆಲರ್‌ಗಳು?

ಅಕ್ಕ: ಆಪ್ತಸಮಾಲೋಚಕರು. ಎಷ್ಟು ಚೆಂದದ ಪದ ನೋಡು, ಆಪ್ತರಾಗಿ ಕೂತು ಆಲೋಚನೆ ಮಾಡೋರು! ಇವರಲ್ಲಿ ತುಂಬ ಒಳ್ಳೆಯವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮ ಸ್ಕೂಲ್ ಲೈಬ್ರರಿಯಲ್ಲೂ ಇವೆ. ಅವರು ಎಷ್ಟೋ ಸಾಮಾನ್ಯ ಜನರಿಗೆ ಸಮಾಲೋಚನೆ ಮಾಡೋದನ್ನ ಕಲಿಸಿದ್ದಾರೆ. ಆದ್ರೆ ವಾರದ ಕೋರ್ಸು ಮಾಡಿ ಬೋರ್ಡ್ ಹಾಕ್ಕೊಂಡೋರೂ ಇದ್ದಾರೆ. ಮನೆಯ ಜಗಳ, ಓದಿನ ಒತ್ತಡ, ಮದುವೆಯ ಗೊಂದಲ ಇಂಥದ್ದಕ್ಕೆ ಒಳ್ಳೆ ಸಮಾಲೋಚಕರು ಸಾಕು. ನಿನ್ನ ಥರ ಏಳು ತಿಂಗಳಿಂದ ನಿದ್ದೆ ಇಲ್ಲ, ಊಟ ಇಲ್ಲ, ಬದುಕು ಬೇಡ ಅನಿಸಿದೆ ಅಂದ್ರೆ ಮೊದಲು ಮನೋವೈದ್ಯರೇ ನೋಡಬೇಕು. ಮಾತ್ರೆ ಬೇಕಾ, ಮಾತು ಸಾಕಾ, ಎರಡೂ ಬೇಕಾ ಅಂತ ಅವರು ಹೇಳಲಿ.

ತಮ್ಮ: ಮಾತ್ರೆ ಬೇಡ ಅಕ್ಕಾ. ಒಂದು ಸಲ ಹಿಡಿದ್ರೆ ಜೀವನಪೂರ್ತಿ ಅಂತಾರೆ.

ಅಕ್ಕ: ನಾನು ಹತ್ತು ತಿಂಗಳು ತಗೊಂಡೆ, ಡಾಕ್ಟ್ರು ಹೇಳಿದ ಹಾಗೆ ನಿಧಾನವಾಗಿ ಕಮ್ಮಿ ಮಾಡಿ ನಿಲ್ಲಿಸಿದೆ. ಖಿನ್ನತೆಗೆ ಕೊಡೋ ಮಾತ್ರೆ ಚಟ ಹಿಡಿಸಲ್ಲ. ಆದ್ರೆ ನುಂಗಿದ ಮರುದಿನವೇ ಕೆಲಸ ಮಾಡಲ್ಲ, ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ವಾರ ಕೆಲವರಿಗೆ ಹೊಟ್ಟೆ ತೊಳೆಸುತ್ತೆ, ಕಸಿವಿಸಿ ಆಗುತ್ತೆ. ಎಷ್ಟೋ ಜನ ಆಗಲೇ ಬಿಟ್ಟುಬಿಡ್ತಾರೆ. ಇನ್ನು ಕೆಲವರು ಸ್ವಲ್ಪ ಚೆನ್ನಾಗಾದ ಕೂಡ್ಲೇ ತಾವೇ ನಿಲ್ಲಿಸ್ತಾರೆ, ಮತ್ತೆ ಬೀಳ್ತಾರೆ. ನಿದ್ದೆಗೆ ಕೊಡೋ ಮಾತ್ರೆಗಳ ವಿಷಯ ಬೇರೆ. ಅದರಲ್ಲಿ ಕೆಲವು ಅಭ್ಯಾಸ ಆಗಿಬಿಡುತ್ತೆ, ಡಾಕ್ಟ್ರು ಹೇಳಿದಷ್ಟೇ ದಿನ ತಗೋಬೇಕು, ಮೆಡಿಕಲ್ ಸ್ಟೋರಿನಲ್ಲಿ ನಾವಾಗಿ ಕೇಳಿ ತಗೋಬಾರದು. ನಿನ್ನ ಹತ್ರ ಅಂಥದ್ದೇನೂ ಇಲ್ಲ ತಾನೇ?

ತಮ್ಮ: ಇಲ್ಲ. ಅಮ್ಮನಿಗೆ ಗೊತ್ತಾದ್ರೆ?

ಅಕ್ಕ: ಅಮ್ಮನಿಗೆ ನಾನು ಹೇಳ್ತೀನಿ. ಅಮ್ಮ ಶರಪಂಜರ ಎಷ್ಟು ಸಲ ನೋಡಿದ್ದಾರೆ ಗೊತ್ತಾ? ಟಿವಿಯಲ್ಲಿ ಬಂದಾಗಲೆಲ್ಲ ಕೂತು ಅಳ್ತಾರೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ 1970ರ ದಶಕದ ಶುರುವಿನಲ್ಲಿ ಸಿನಿಮಾ ಮಾಡಿದ್ರು. ಅದರಲ್ಲಿ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿಯೇ ಮನೆಗೆ ಬರ್ತಾಳೆ. ಅವಳು ನಕ್ಕರೂ ಅತ್ತರೂ ಎಲ್ಲರ ಕಣ್ಣು ಅವಳ ಮೇಲೆ. ಆಸ್ಪತ್ರೆ ಗುಣ ಮಾಡಿ ಕಳಿಸಿದವಳನ್ನ ಮನೆ, ಬೀದಿ ಸೇರಿ ಮತ್ತೆ ಕೆಡಿಸಿದ ಕಥೆ ಅದು. ಅಷ್ಟು ವರ್ಷದ ಹಿಂದೆ ಒಬ್ಬ ಹೆಂಗಸು ಬರೆದು ಇಟ್ಟಿದ್ದನ್ನ ನಾವು ಅತ್ತು ಮರೆತುಬಿಟ್ವಿ. ನನ್ನ ಸಮಯದಲ್ಲಿ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: 'ನೀನು ಕಾವೇರಿಗೋಸ್ಕರ ಅತ್ತೆಯಲ್ಲಮ್ಮಾ, ನನಗೋಸ್ಕರ ಯಾರಿಗೂ ಏನೂ ಹೇಳದೆ ಬಿಸಿ ಊಟ ಹಾಕು, ಸಾಕು.' ಆಮೇಲೆ ಒಂದು ಮಾತೂ ಆಡಲಿಲ್ಲ.

ತಮ್ಮ: ಆದ್ರೂ ಹೆಣ್ಣು ಕೊಡೋರು ಕೇಳಿದ್ರೆ? ಕಂಪನಿಗೆ ಗೊತ್ತಾದ್ರೆ?

ಅಕ್ಕ: ಕಂಪನಿಗೆ ಯಾರೂ ಹೇಳೋ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ, 2018ರಲ್ಲಿ ಜಾರಿಗೆ ಬಂತು. ನಿನ್ನ ಕಾಯಿಲೆ, ಚಿಕಿತ್ಸೆ ಎಲ್ಲ ಗುಟ್ಟಾಗಿಡೋದು ಚಿಕಿತ್ಸೆ ಕೊಡೋರ ಮೇಲಿರೋ ಕಾನೂನಿನ ಹೊಣೆ. ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತೆ, ಮೈಗೆ ಬಂದ ಕಾಯಿಲೆಗೆ ವಿಮೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು ಅಂತ. ಆಸ್ಪತ್ರೆಗೆ ಸೇರಿದ್ರೆ ಅದು ಕೆಲಸಕ್ಕೆ ಬರುತ್ತೆ. ವಾರಕ್ಕೊಂದು ಸಲ ಹೋಗಿ ಮಾತಾಡಿ ಬರೋದರ ಖರ್ಚು ಎಷ್ಟೋ ಪಾಲಿಸಿಗಳಲ್ಲಿ ಸಿಗಲ್ಲ, ನಿಂದು ಏನು ಹೇಳುತ್ತೆ ಅಂತ ಓದಿ ನೋಡಬೇಕು. ಹೆಣ್ಣು ಕೊಡೋರ ವಿಷಯ ಈಗ ಬೇಡ. ಸುಳ್ಳು ಹೇಳಿ ಮದುವೆ ಆಗು ಅಂತ ನಾನಂತೂ ಹೇಳಲ್ಲ. ಮೊದಲು ನೀನು ನಿದ್ದೆ ಮಾಡೋ ಹಾಗಾಗಲಿ. ಅದಕ್ಕೆ ನಿಮ್ಹಾನ್ಸ್ ಮನೋವೈದ್ಯರಿಗೆ ತೋರಿಸೋಣ.

ತಮ್ಮ: ನಿಮ್ಹಾನ್ಸ್ ಅಂದ್ರೆ ಆಫೀಸಲ್ಲಿ ತಮಾಷೆ ಮಾಡ್ತಾರೆ. ತಲೆ ಕೆಟ್ಟಿದ್ರೆ ಹೊಸೂರು ರೋಡಿಗೆ ಹೋಗು ಅಂತ.

ಅಕ್ಕ: ಮಾಡಲಿ. ಬೆಂಗಳೂರಲ್ಲಿ 1847ರಷ್ಟು ಹಿಂದೆ ಶುರುವಾಗಿದ್ದು ಹುಚ್ಚಾಸ್ಪತ್ರೆಯಾಗಿಯೇ. ಅದು ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯ್ತು. ಇವತ್ತು ಪಾರ್ಶ್ವವಾಯು, ಮೂರ್ಛೆರೋಗ ಇರೋರೂ ತಲೆಗೆ ಪೆಟ್ಟು ಬಿದ್ದೋರೂ ಅಲ್ಲಿಗೇ ಬರ್ತಾರೆ. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಮನೆಯವರೂ ರೋಗಿ ಜೊತೆಗೇ ಉಳಿದು, ಇಡೀ ಮನೆಯೇ ಚಿಕಿತ್ಸೆ ತಗೊಳ್ಳೋ ವಿಭಾಗ ಅಲ್ಲಿದೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಆಸ್ಪತ್ರೆ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸ್ಕೊಂಡಿದ್ರಂತೆ. ಒಬ್ಬನನ್ನ ಒಳಗೆ ಬಿಟ್ಟು ಬಾಗಿಲು ಹಾಕೋದಲ್ಲ, ಜೊತೆಗೆ ಬಂದು ಕೂರೋದು. ನಮ್ಮ ದೇಶ ಈ ಕೆಲಸಕ್ಕೆ ಕೊಟ್ಟ ದೊಡ್ಡ ಕೊಡುಗೆ ಅದು ಅಂತ ನನ್ನ ನಂಬಿಕೆ.

ತಮ್ಮ: ನಮ್ಮೂರಿನೋರೆಲ್ಲ ಬೆಂಗಳೂರಿಗೇ ಹೋಗಬೇಕಾ ಹಾಗಾದ್ರೆ?

ಅಕ್ಕ: ಇಲ್ಲಪ್ಪ. ಉತ್ತರ ಕರ್ನಾಟಕದೋರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ, ಮೆಡಿಕಲ್ ಕಾಲೇಜುಗಳಲ್ಲಿ ಆ ವಿಭಾಗವೇ ಇರುತ್ತೆ. ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡೋ ಹಾಗೆ ಮಾಡಿದ್ದು. ಹೋಗೋ ಮೊದಲು ಈ ವಾರ ಬರ್ತಾರಾ ಅಂತ ಕೇಳ್ಕೋಬೇಕು. ಇದಕ್ಕೆಲ್ಲ ಬೀಜ ಬಿದ್ದಿದ್ದು ನಮ್ಮ ಬಳ್ಳಾರಿಯಲ್ಲಿ ಕಣೋ. 1980ರ ದಶಕದಲ್ಲಿ ನಿಮ್ಹಾನ್ಸ್‌ನೋರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನೋಡಿದ್ರು. ಅದೇ ಮಾದರಿ ಇಟ್ಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕೆಲವೇ ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ದೇಶದ ಬೇರೆ ಕಡೆಗೂ ಹಬ್ಬಿತು. ಆದ್ರೂ 2015–16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ಕಾಯಿಲೆ ಯಾವುದು ಅನ್ನೋದರ ಮೇಲೆ, ಕಾಯಿಲೆ ಇದ್ದ ನೂರರಲ್ಲಿ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಷ್ಟೂ ಜನರಿಗೆ ಡಾಕ್ಟ್ರು ಇಲ್ಲದೆ ಹೀಗಾಯ್ತು ಅಂತ ನನಗೆ ಅನಿಸಲ್ಲ. ಕರ್ಕೊಂಡು ಹೋಗೋರು ಇರಲಿಲ್ಲ.

ತಮ್ಮ: ನಿಮ್ಹಾನ್ಸ್‌ನಲ್ಲಿ ನೋಡಿದ ಮೇಲೆ, ಮಾತಿನ ಚಿಕಿತ್ಸೆಗೆ?

ಅಕ್ಕ: ನಿನ್ನ ರೂಮಿನ ಹತ್ರ ಕನ್ನಡದೋರು ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕಿದ್ದಾರೆ. ಸಿಟ್ಟಿಂಗಿಗೆ ಸಾವಿರದ ಇನ್ನೂರು. ಅದಕ್ಕಿಂತ ಜಾಸ್ತಿ ಕೇಳೋರೂ ಇದ್ದಾರೆ. ಮೊದಲ ನಾಲ್ಕು ಸಿಟ್ಟಿಂಗ್ ನಾನು ಕೊಡ್ತೀನಿ, ಮಾತಾಡಬೇಡ. ಒಂದು ಸಿಟ್ಟಿಂಗ್ ಅಂದ್ರೆ ಮುಕ್ಕಾಲು ಗಂಟೆ, ಐವತ್ತು ನಿಮಿಷ. ಮೊದಲೆರಡು ಸಲ ಬರೀ ಕೇಳ್ತಾರೆ: ಯಾವಾಗ ಶುರುವಾಯ್ತು, ಮನೆ ಹೇಗೆ, ನಿದ್ದೆ ಹೇಗೆ, ಕುಡಿತ ಇದೆಯಾ. ನನಗಾಗ ಅನಿಸಿತ್ತು, ಇಷ್ಟಕ್ಕೆ ಇಷ್ಟು ದುಡ್ಡಾ ಅಂತ. ಮೂರನೇ ಸಲ ಅವರು ಒಂದು ಪ್ರಶ್ನೆ ಕೇಳಿದ್ರು: 'ನಿಮ್ಮ ಸ್ಕೂಲಿನ ಒಬ್ಬಳು ಹುಡುಗಿ ಹೀಗೆ ಅಳ್ತಾ ಬಂದ್ರೆ, ನೀನು ಕೆಟ್ಟ ತಾಯಿ ಅಂತ ಅವಳಿಗೆ ಹೇಳ್ತೀರಾ?' ಅವತ್ತು ಮನೆಗೆ ಬಂದು ಪಾಪುನ ಎತ್ಕೊಂಡೆ. ಎಲ್ಲ ಒಂದೇ ದಿನಕ್ಕೆ ಸರಿಹೋಯ್ತು ಅಂತಲ್ಲ. ಹನ್ನೆರಡು ಸಿಟ್ಟಿಂಗ್ ಆಯ್ತು. ಮನೆಗೆ ಕೆಲಸ ಕೊಡ್ತಿದ್ರು. ದಿನಾ ಕಾಲು ಗಂಟೆ ಬಿಸಿಲಲ್ಲಿ ನಡಿ, ಒಬ್ಬರಿಗೆ ಫೋನ್ ಮಾಡು, ಕೆಟ್ಟ ಯೋಚನೆ ಬಂದಾಗ ಬರೆದಿಟ್ಟು ಅದಕ್ಕೆ ಸಾಕ್ಷಿ ಏನು ಅಂತ ಕೇಳ್ಕೋ. ಮನಸ್ಸು ಬಂದಮೇಲೆ ಕೆಲಸ ಅಲ್ಲ, ಕೆಲಸ ಮಾಡ್ತಾ ಮಾಡ್ತಾ ಮನಸ್ಸು ಬರುತ್ತೆ ಅಂತಿದ್ರು.

ತಮ್ಮ: ಇವರೂ ಹೊಂದದೇ ಹೋದ್ರೆ?

ಅಕ್ಕ: ಮೂರ್ನಾಲ್ಕು ಸಲ ನೋಡು. ಆಗಲೂ ನಿನ್ನ ಮಾತು ಅವರಿಗೆ ಮುಟ್ಟುತ್ತಿಲ್ಲ ಅನಿಸಿದ್ರೆ ಅವರಿಗೇ ಹೇಳು. ಒಳ್ಳೆಯವರಾದ್ರೆ ದಾರಿ ಬದಲಾಯಿಸ್ತಾರೆ, ಇಲ್ಲಾ ಬೇರೆಯವರ ಹೆಸರು ಕೊಡ್ತಾರೆ. ಇನ್ನೊಬ್ಬರನ್ನ ಹುಡುಕೋಣ. ಆದ್ರೆ ಕೆಲವರನ್ನ ಕಂಡ್ರೆ ಒಂದೇ ದಿನಕ್ಕೆ ಎದ್ದು ಬಾ. ಮೂರು ಸಿಟ್ಟಿಂಗಿನಲ್ಲಿ ವಾಸಿ ಅಂತ ಭರವಸೆ ಕೊಡೋರು, ಡಾಕ್ಟ್ರ ಮಾತ್ರೆ ಬಿಸಾಕಿ ಅನ್ನೋರು, ಬೇರೆ ರೋಗಿಗಳ ಕಥೆ ನಿನ್ನ ಮುಂದೆ ಹೇಳೋರು, ತಮ್ಮ ಕಷ್ಟವನ್ನೇ ತೋಡಿಕೊಳ್ಳೋರು, ಮುಟ್ಟಬಾರದ ಹಾಗೆ ಮುಟ್ಟೋರು. ಇವರ ಹತ್ರ ಎರಡನೇ ಸಲ ಹೋಗೋ ಹಾಗಿಲ್ಲ.

ತಮ್ಮ: ನಾನು ಹೇಳಿದ್ದೆಲ್ಲ ನಿನಗೆ ಹೇಳಿಬಿಡ್ತಾರಾ?

ಅಕ್ಕ: ಹೇಳಲ್ಲ, ನಾನು ಕೇಳೋದೂ ಇಲ್ಲ. ಜೀವಕ್ಕೆ ಅಪಾಯ ಇದೆ ಅನಿಸಿದ್ರೆ ಮಾತ್ರ ಮನೆಯವರಿಗೆ ತಿಳಿಸ್ತಾರೆ, ಅದನ್ನ ಮೊದಲ ದಿನವೇ ನಿನಗೆ ಹೇಳಿರ್ತಾರೆ. ನನ್ನ ಬಗ್ಗೆ ಬೈದುಕೋಬೇಕಿದ್ರೂ ಅಲ್ಲಿ ಬೈದುಕೋ.

ತಮ್ಮ: ನಿನ್ನ ಬಗ್ಗೆ ಬೈಯೋದು ಏನಿದೆ. ಅಪ್ಪನ ಬಗ್ಗೆ ಇರಬಹುದು.

ಅಕ್ಕ: ಇರಲಿ. ಅಪ್ಪನೂ ಪಾಪ, ತೋಟ ಒಣಗಿದ ವರ್ಷದಿಂದ ರಾತ್ರಿ ಜಗಲಿಯಲ್ಲಿ ಕೂರೋ ಅಭ್ಯಾಸ ಮಾಡ್ಕೊಂಡಿದ್ದಾರೆ. ಅದನ್ನೂ ಯಾರೋ ಕೇಳಬೇಕಿತ್ತು. ನಾನೇ ಕೇಳಲಿಲ್ಲ.

ತಮ್ಮ: ನನಗೆ ಈಗ ಏನು ಮಾಡಬೇಕು ಅಂತ ತೋಚ್ತಿಲ್ಲ ಅಕ್ಕಾ.

ಅಕ್ಕ: ನೀನು ಏನೂ ಮಾಡಬೇಕಾಗಿಲ್ಲ. ಬರ್ತೀಯೋ ಇಲ್ವೋ, ಅಷ್ಟು ಹೇಳು.

ತಮ್ಮ: ಬರ್ತೀನಿ.

ಅಕ್ಕ: ಹಾಗಾದ್ರೆ ಭಾನುವಾರ ನಿನ್ನ ಜೊತೆ ನಾನೂ ಬೆಂಗಳೂರಿಗೆ ಹೊರಡ್ತೀನಿ. ಸೋಮವಾರಕ್ಕೆ ರಜೆ ಹಾಕಿದ್ದಾಗಿದೆ. ಆಧಾರ್ ಕಾರ್ಡ್ ಇಟ್ಕೋ, ಆ ಇಸಿಜಿ, ರಕ್ತದ ರಿಪೋರ್ಟೆಲ್ಲ ಒಂದು ಕವರಲ್ಲಿ ಹಾಕ್ಕೋ. ಬೆಳಿಗ್ಗೆ ಬೇಗ ಹೋಗಬೇಕು, ಚೀಟಿ ಮಾಡಿಸೋ ಕಡೆ ಕ್ಯೂ ಉದ್ದ ಇರುತ್ತೆ. ಕ್ಯೂನಲ್ಲಿ ನಾನು ನಿಂತ್ಕೋತೀನಿ.